ಏಳನೆಯ ಬಟ್ಟೆ

ಮೇಸ್ತ್ರಿಯ ಗ್ಯಾರೇಜಿನಲ್ಲಿ ಸ್ಪ್ಯಾನರಿಗೆ ಲೆಕ್ಕವಿರಲಿಲ್ಲ, ಸುತ್ತಿಗೆಗೆ ಲೆಕ್ಕವಿರಲಿಲ್ಲ. ಕೈಗೆ ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ಪಕ್ಕದ ಟಯರ್ ಅಂಗಡಿಯವನ ಹತ್ತಿರ ಇರುತ್ತಿತ್ತು. ಲೆಕ್ಕವಿದ್ದದ್ದು ಒಂದಕ್ಕೇ, ಕೈ ಒರೆಸುವ ಬಟ್ಟೆಗೆ. ಬೆಳಿಗ್ಗೆ ಏಳು ಬಟ್ಟೆ ಮೊಳೆಗೆ ಏರಬೇಕು, ಕೆಲಸ ಮುಗಿದಾಗ ಏಳೂ ಬುಟ್ಟಿಗೆ ಇಳಿಯಬೇಕು. ಆ ಲೆಕ್ಕ ಮೇಸ್ತ್ರಿಯದಲ್ಲ, ಅವನ ಹೆಂಡತಿಯದು. ಅದಕ್ಕೇ ಆ ಸಾಲಿನ ಗ್ಯಾರೇಜಿನವರೆಲ್ಲ ಅವಳನ್ನು ಲೆಕ್ಕದಕ್ಕ ಅನ್ನುತ್ತಿದ್ದರು. ಕೆಲವರು ಗೌರವಕ್ಕೆ, ಕೆಲವರು ಚೇಷ್ಟೆಗೆ.

ಎಣಿಸುವುದು ಅವಳಿಗೆ ತಾಯಿಯಿಂದ ಬಂದದ್ದು. ತಾಯಿ ಒಂದು ಲಾಡ್ಜಿನ ಬಟ್ಟೆ ಒಗೆಯುತ್ತಿದ್ದಳು. ಹಾಸು ಇಷ್ಟು, ಹೊದಿಕೆ ಇಷ್ಟು, ದಿಂಬಿನ ಚೀಲ ಇಷ್ಟು ಅಂತ ಹೋಗುವಾಗೊಮ್ಮೆ ಬರುವಾಗೊಮ್ಮೆ ಎಣಿಸಬೇಕು. ಒಂದು ದಿಂಬಿನ ಚೀಲ ಕಮ್ಮಿಯಾದರೂ ಲಾಡ್ಜಿನ ಮ್ಯಾನೇಜರು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ಹುಡುಗಿಗೆ ಅಕ್ಷರ ಅಷ್ಟಕ್ಕಷ್ಟೇ, ಎಣಿಕೆ ಮಾತ್ರ ಬೆರಳ ತುದಿಯಲ್ಲಿತ್ತು. ತಾಯಿ ತೀರಿಕೊಂಡಾಗ ತಮ್ಮನಿಗೆ ಇನ್ನೂ ಎರಡು ತುಂಬಿರಲಿಲ್ಲ. ಅವನನ್ನು ಒಂದು ಸೊಂಟದಲ್ಲಿ, ಬಟ್ಟೆಯ ಗಂಟನ್ನು ಇನ್ನೊಂದು ಸೊಂಟದಲ್ಲಿ ಹೊತ್ತು ಲಾಡ್ಜಿಗೂ ಮನೆಗೂ ಓಡಾಡಿದವಳು ಅವಳೇ. ಮದುವೆಯಾದಾಗ ಒಂದು ಟ್ರಂಕು, ಒಂದು ಹಾಸಿಗೆ, ಒಬ್ಬ ತಮ್ಮ, ಮೂರೂ ಒಟ್ಟಿಗೆ ಗಂಡನ ಮನೆಗೆ ಬಂದವು. ಮೇಸ್ತ್ರಿ ಒಳ್ಳೆಯವನು. ಟ್ರಂಕು ಎಲ್ಲಿಡಲಿ ಅಂತ ಕೇಳಿದನೇ ಹೊರತು ತಮ್ಮನ ವಿಷಯ ಕೇಳಲಿಲ್ಲ.

ಬಟ್ಟೆಯ ಲೆಕ್ಕ ಶುರುವಾದದ್ದು ಮದುವೆಯ ಎರಡನೇ ವರ್ಷ. ಆಗ ಗ್ಯಾರೇಜಿನಲ್ಲಿ ಕೈ ಒರೆಸಲು ನೂಲಿನ ವೇಸ್ಟ್, ಅಂದರೆ ಮಿಲ್ಲಿನ ಹರಕು ದಾರದ ಉಂಡೆ, ಬಳಸುತ್ತಿದ್ದರು. ಒಂದು ಲಾರಿಯ ಡೀಸೆಲ್ ಪಂಪು ಬಿಚ್ಚಿ ಜೋಡಿಸಿದರೂ ಅದು ಕೆಮ್ಮುವುದು ನಿಲ್ಲಿಸಲಿಲ್ಲ. ಮೇಸ್ತ್ರಿ ಮೂರು ದಿನ ಮೂರು ಸಲ ಬಿಚ್ಚಿದ. ಕೊನೆಗೆ ಒಳಗಿನ ಸಣ್ಣ ತೂತಿನಲ್ಲಿ ಸಿಕ್ಕಿದ್ದು ಕಣ್ಣಿನ ರೆಪ್ಪೆಯಷ್ಟುದ್ದದ ಒಂದು ನೂಲು. ಅವತ್ತು ಅವನು ಊಟಕ್ಕೆ ಕೂತು ತಟ್ಟೆ ನೋಡುತ್ತಲೇ ಇದ್ದ, ತುತ್ತು ಎತ್ತಲಿಲ್ಲ. ಮರುದಿನ ಅವಳು ನೀಲಿ ಗೆರೆಯ ಹಳೇ ಹಾಸೊಂದನ್ನು ಸೀಳಿ, ಪ್ರತಿ ತುಂಡಿನ ಮೂಲೆಗೂ ಕೆಂಪು ದಾರದ ಒಂದು ಗಂಟು ಹಾಕಿ, "ಇನ್ನು ಮೇಲೆ ಇದರಲ್ಲೇ ಒರೆಸ್ಕೊಳ್ಳಿ. ನಾನು ಎಣಿಸಿ ಕೊಡ್ತೀನಿ, ಎಣಿಸಿ ತಗೋತೀನಿ" ಅಂದಳು. ಏಳೇ ಯಾಕೆ ಅಂದರೆ ಆ ಹಾಸು ಸೀಳಿದ್ದು ಏಳು ತುಂಡು, ಅಷ್ಟೇ. ಅವು ಹರಿದಾಗ ಇನ್ನೊಂದು ಹಾಸು ಬಂತು, ಗೆರೆಯ ಬಣ್ಣ ಬದಲಾಯಿತು, ಏಳು ಏಳೇ ಆಗಿ ಉಳಿಯಿತು.

ಆಮೇಲೆ ಅದೊಂದು ಕಟ್ಟಳೆಯ ಹಾಗೆಯೇ ಆಗಿಹೋಯಿತು. ಇಂಜಿನ್ ಬಿಚ್ಚಿದಾಗ ಬಾಯಿ ತೆರೆದುಕೊಂಡ ತೂತುಗಳಿಗೆಲ್ಲ ಮೇಸ್ತ್ರಿ ಆ ಬಟ್ಟೆಯನ್ನೇ ತುರುಕುತ್ತಿದ್ದ, ನಟ್ಟು ಬೋಲ್ಟು ಧೂಳು ಒಳಗೆ ಬೀಳದಿರಲಿ ಅಂತ. ತುರುಕುವಾಗ ಒಂದು ಗೇಣು ಬಾಲ ಹೊರಗೆ ಬಿಡುತ್ತಿದ್ದ. ಕೆಲಸ ಮುಗಿಸಿ ಕೀಲಿಯ ಮೇಲೆ ಕೈಯಿಟ್ಟು ಅಡುಗೆಮನೆಯ ಕಿಟಕಿಯ ಕಡೆಗೆ ಕೂಗುತ್ತಿದ್ದ.

"ಏಳಾ?"

ಅವಳು ಬಂದು ಎಣಿಸಿ "ಏಳು" ಅಂದ ಮೇಲೇ ಕೀಲಿ ತಿರುಗುತ್ತಿದ್ದದ್ದು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು.

ತಮ್ಮ ಬೆಳೆದು ಒಂದು ಡೀಸೆಲ್ ಪಿಕಪ್ ಇಟ್ಟುಕೊಂಡ. ಅವನಿಗೆ ಊರಿಟ್ಟ ಹೆಸರು ಗಡಿಬಿಡಿ. ಊಟಕ್ಕೆ ಕೂತರೆ ಕೈ ತೊಳೆಯುವುದರ ಯೋಚನೆ, ಕೈ ತೊಳೆದರೆ ಚಪ್ಪಲಿಯ ಯೋಚನೆ. ಗುಡ್ಡದ ಮೇಲೆ ದೊಡ್ಡದೊಂದು ಕಟ್ಟಡ ಏಳುತ್ತಿತ್ತು, ಅಲ್ಲಿಗೆ ಸಿಮೆಂಟು ಸಾಗಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಹೊರೆ ಹೊತ್ತ ಗಾಡಿಗಳನ್ನು ಮಧ್ಯಾಹ್ನ ಒಂದರ ಮೇಲೆ ಗುಡ್ಡ ಹತ್ತಲು ಬಿಡುತ್ತಿರಲಿಲ್ಲ. ಬೇರೆಯವರು ಅಷ್ಟರೊಳಗೆ ಎರಡು ಸಲ ಹೋಗಿ ಬರುತ್ತಿದ್ದರು, ಇವನ ಗಾಡಿ ಮೊದಲನೇ ಗೇರಿನಲ್ಲಿ ಏದುಸಿರು ಬಿಟ್ಟುಕೊಂಡು ಒಂದೇ ಸಲ. ಹಿಂದಿನಿಂದ ಬಂದ ಲಾರಿಯವರು ಕಿಟಕಿಯಿಂದ ತಲೆ ಹಾಕಿ, "ಇಳಿದು ತಳ್ಳಲೇನೋ?" ಅಂತ ಕೇಳಿ ಮುಂದೆ ಹೋಗುತ್ತಿದ್ದರು.

"ಭಾವ, ದೊಡ್ಡ ಟರ್ಬೋ ಹಾಕ್ಕೊಡಿ" ಅಂತ ಅವನು ಒಂದು ತಿಂಗಳು ಪ್ರಾಣ ತಿಂದ.

"ಇರೋ ಟರ್ಬೋಗೆ ಏನಾಗಿದೆ?"

"ಅದು ಟರ್ಬೋನಾ? ಬೀಸಣಿಗೆ!"

"ಕಾಲು ನಿಧಾನಕ್ಕಿಟ್ರೆ ಬೀಸಣಿಗೆಯಲ್ಲೂ ಗುಡ್ಡ ಹತ್ಬಹುದು. ನಿನ್ನ ತಲೆಗೆ ಏನಾದ್ರೂ ಹಾಕೋಕೆ ಆಗುತ್ತಾ ನೋಡ್ತೀನಿ."

"ಅಕ್ಕ, ನೋಡಕ್ಕ ಭಾವನ್ನ!"

ಅಕ್ಕ ಒಳಗಿನಿಂದ, "ಹಾಕಿಕೊಡ್ರೀ, ಪಾಪ" ಅಂದಳು. ಆ ಮಾತು ಆಡಿದವಳು ತಾನೇ ಎಂಬುದು ಮುಂದೆ ಬಹಳ ದಿನ ಅವಳ ಕಿವಿಯಲ್ಲಿ ಕೂತಿತ್ತು.

ಟರ್ಬೋ ಅಂದರೆ ಏನು ಅಂತ ಅವಳಿಗೆ ಕಿಟಕಿಯಿಂದಲೇ ಗೊತ್ತಿತ್ತು. ಬಸವನಹುಳುವಿನ ಚಿಪ್ಪಿನಂಥ ಎರಡು ಕಬ್ಬಿಣದ ಸುರುಳಿ, ಒಳಗೆ ಒಂದೇ ಕಡ್ಡಿಗೆ ಕೂರಿಸಿದ ಎರಡು ಚಕ್ರ. ಇಂಜಿನ್ ಉಗುಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಚಕ್ರ ಹೊರಗಿನ ಗಾಳಿ ಎಳೆದು ಇಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ ಹೆಚ್ಚು ಸುಡಬಹುದು, ಶಕ್ತಿ ಏರುತ್ತದೆ. ಆ ಕಡ್ಡಿ ಸವೆಯದಿರಲಿ ಅಂತ ಮೇಲಿನಿಂದ ಒಂದು ಸಣ್ಣ ಪೈಪಿನಲ್ಲಿ ಆಯಿಲ್ ಬರುತ್ತದೆ, ಕೆಳಗಿನ ದಪ್ಪ ಪೈಪಿನಲ್ಲಿ ಇಂಜಿನ್ನಿಗೆ ಇಳಿದು ಹೋಗುತ್ತದೆ. ಹೊಗೆಯ ಬಣ್ಣವೂ ಅವಳಿಗೆ ಬಾಯಿಪಾಠ. ಕಪ್ಪು ಹೊಗೆ ಬಂದರೆ ತಿಂದದ್ದು ಅರಗಿಲ್ಲ, ಬಿಳಿ ಬಂದರೆ ಚಳಿ ಬಿಟ್ಟಿಲ್ಲ, ನೀಲಿ ಬಂದರೆ ಇಂಜಿನ್ ತನ್ನ ರಕ್ತ ತಾನೇ ಕುಡಿಯುತ್ತಿದೆ. ನೀಲಿ ಕಂಡರೆ ಮೇಸ್ತ್ರಿಯ ಮುಖ ಸಣ್ಣದಾಗುತ್ತಿತ್ತು.

ಕೆಲಸ ಎರಡು ದಿನ ಹಿಡಿಯಿತು. ತೂತುಗಳಿಗೆ ತುರುಕಿದ ಬಟ್ಟೆ ರಾತ್ರಿ ಗಾಡಿಯಲ್ಲೇ ಇದ್ದವು, ಎಣಿಕೆ ಎರಡನೇ ದಿನಕ್ಕೆ ಉಳಿಯಿತು. ಹಳೇ ಟರ್ಬೋ ಇಳಿಸಿ, ದೊಡ್ಡದನ್ನು ಏರಿಸಿ, ಗಾಳಿ ತಂಪು ಮಾಡುವ ದೊಡ್ಡ ಜಾಲರಿಯೊಂದನ್ನು ಮುಂದೆ ಕಟ್ಟಿ, ಪಂಪಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ ಡೀಸೆಲ್ ಹೆಚ್ಚಿಸಿ, ಗಡಿಬಿಡಿಯ ಕಣ್ಣೆದುರಿಗೆ ಎರಡು ಹೊಸ ಮೀಟರು ಕೂರಿಸಿದ್ದಾಯಿತು. ಎರಡನೇ ದಿನ ಬೆಳಿಗ್ಗೆ ಉಳಿದದ್ದು ಕೊನೆಯ ಜೋಡಣೆ ಮಾತ್ರ. ಗಡಿಬಿಡಿ ಅಷ್ಟರಲ್ಲೇ ಡ್ರೈವರ್ ಸೀಟಿನಲ್ಲಿ ಕೂತು, ಗಾಜು ಒರೆಸಿ, ಕನ್ನಡಿ ಒರೆಸಿ, ಮತ್ತೆ ಗಾಜು ಒರೆಸಿ, ಕೊನೆಗೆ ಒರೆಸುವುದಕ್ಕೆ ಏನೂ ಸಿಗದೆ ಹಾರನ್ ಹೊಡೆದ.

"ಭಾವ, ಮಧ್ಯಾಹ್ನ ಒಂದರೊಳಗೆ ಗುಡ್ಡ ಹತ್ಬೇಕು!"

"ಇನ್ನೊಂದ್ಸಲ ಹಾರನ್ ಹೊಡೆದ್ರೆ ಹಾರನ್ನೇ ಬಿಚ್ಚಿ ಇಟ್ಕೋತೀನಿ."

ಅವನು ಇನ್ನೊಂದು ಸಲ ಹೊಡೆದ.

ಮೇಸ್ತ್ರಿ ಗಾಡಿಯ ಅಡಿಯಿಂದ ಹೊರಬಂದು, ಮಂಡಿ ಹಿಡಿದು ಎದ್ದು ನಿಂತು, ಕೀಲಿಯ ಮೇಲೆ ಕೈಯಿಟ್ಟ. "ಏಳಾ?"

ಅವಳು ಒಲೆಯ ಮೇಲೆ ಹಾಲಿಟ್ಟಿದ್ದಳು. ಅದು ಯಾವ ಗಳಿಗೆಯಲ್ಲಾದರೂ ಉಕ್ಕುವಂತಿತ್ತು. ಓಡಿ ಬಂದಳು. ಬುಟ್ಟಿಯಲ್ಲಿದ್ದ ಬಟ್ಟೆಗಳ ಅಂಚನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಎಳೆದಳು. ಹಾರನ್ ಮತ್ತೆ ಕೂಗಿತು. ಐದು, ಆರು, ಏಳು.

"ಏಳು" ಅಂದು ಹಾಲಿನ ಕಡೆಗೆ ಓಡಿದಳು.

ಇಂಜಿನ್ ಎದ್ದು ಕೂತಿತು. ಹಳೆಯ ಕೆಮ್ಮಿಲ್ಲ, ಮೇಲೆ ತೆಳುವಾದ ಸಿಳ್ಳೆ. ಮೇಸ್ತ್ರಿ ಹತ್ತು ನಿಮಿಷ ಓಡಿಸಿ, ಹೊಗೆ ನೋಡಿ, ತಲೆಯಾಡಿಸಿದ. "ಮೀಟರಿನ ಮುಳ್ಳು ಕೆಂಪಿಗೆ ಹೋಗೋ ಹಾಗೆ ತುಳೀಬೇಡ. ನಿಲ್ಲಿಸೋ ಮೊದ್ಲು ಎರಡು ನಿಮಿಷ ಹಾಗೇ ಓಡೋಕೆ ಬಿಡು. ಕೇಳಿಸ್ತಾ?"

"ಕೇಳಿಸ್ತು ಭಾವ, ಕೇಳಿಸ್ತು, ಕೇಳಿಸ್ತು" ಅನ್ನುತ್ತಲೇ ಗಡಿಬಿಡಿ ಬೀದಿಯ ತಿರುವು ದಾಟಿದ್ದ.

ಮುಕ್ಕಾಲು ಗಂಟೆಯ ನಂತರ ಅವಳು ಹಿತ್ತಲಿನಲ್ಲಿ ಬಕೆಟ್ಟಿಗೆ ಸೋಪಿನ ಪುಡಿ ಹಾಕಿ ಬಟ್ಟೆ ಒಗೆಯಲು ಕೂತಳು. ಮೊದಲನೆಯದು ಗ್ರೀಸು. ಎರಡನೆಯದು ಆಯಿಲ್ಲು. ಮೂರನೆಯದು ಎಷ್ಟು ಉಜ್ಜಿದರೂ ಮಸಿ. ನಾಲ್ಕನೆಯದು ಕೈಗೆ ಬಂದಾಗ ಕೈ ತಾನಾಗಿ ನಿಂತಿತು. ಅದರಲ್ಲಿ ಗ್ರೀಸಿರಲಿಲ್ಲ, ಆಯಿಲ್ ಇರಲಿಲ್ಲ, ಬರೀ ಧೂಳು. ಮೂಗಿನ ಹತ್ತಿರ ಹಿಡಿದಳು. ಗಾಜು ಒರೆಸುವ ನೀರಿನ ವಾಸನೆ.

ಮೂಲೆ ನೋಡಿದಳು. ಕೆಂಪು ಗಂಟಿಲ್ಲ. ಇನ್ನೊಂದು ಮೂಲೆ ನೋಡಿದಳು. ನಾಲ್ಕೂ ಮೂಲೆ ನೋಡಿದಳು.

ಗೆರೆ ಅದೇ, ಬಟ್ಟೆ ಅದೇ. ಮೂರು ತಿಂಗಳ ಹಿಂದೆ ಈಗಿನ ಹಾಸು ಸೀಳಿದಾಗ ಏಳಕ್ಕಿಂತ ಹೆಚ್ಚಾಗಿ ಉಳಿದಿದ್ದ ಒಂದು ತುಂಡನ್ನು, "ತಗೋ, ಗಾಡಿಯ ಗಾಜಿಗಾಗುತ್ತೆ" ಅಂತ ತಮ್ಮನಿಗೆ ಕೊಟ್ಟವಳು ಅವಳೇ. ಬೆಳಿಗ್ಗೆ ಗಾಜು ಒರೆಸಿ ಒರೆಸಿ ಸಾಕಾಗಿ ಅವನು ಅದನ್ನು ಹತ್ತಿರದಲ್ಲಿದ್ದ ಬುಟ್ಟಿಗೆ ಎಸೆದಿದ್ದಾನೆ.

ಬಕೆಟ್ಟು ಬುಟ್ಟಿ ಎಲ್ಲ ನೆಲಕ್ಕೆ ಸುರಿದು ಕೆಂಪು ಗಂಟಿದ್ದವನ್ನು ಎಣಿಸಿದಳು. ಆರು. ಇನ್ನೊಮ್ಮೆ ಎಣಿಸಿದಳು. ಆರೇ. ಮೂರನೇ ಸಲ ಎಣಿಸುವಾಗ ಎಣಿಕೆಯೇ ತಪ್ಪಿತು.

"ರೀ!"

ಅವಳು ಕೂಗಿದ ರೀತಿಗೆ ಮೇಸ್ತ್ರಿ ಕೈಯಲ್ಲಿದ್ದ ಟೀ ಲೋಟ ಹಾಗೇ ಬಿಟ್ಟು ಬಂದ. ಅವಳು ಒದ್ದೆ ನೆಲದ ಮೇಲೆ ಬಟ್ಟೆ ಹರಡಿಕೊಂಡು ಕೂತಿದ್ದಳು.

"ಆರೇ ಇದೆ. ಇದು ಅವನ ಗಾಜಿನ ಬಟ್ಟೆ. ನಾನು ಮೂಲೆ ನೋಡ್ಲಿಲ್ಲ."

ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಕಣ್ಣು ಮುಚ್ಚಿ, ಎರಡು ಕೈಯನ್ನೂ ಗಾಳಿಯಲ್ಲಿ ಎತ್ತಿ, ಎರಡು ದಿನದ ಕೆಲಸವನ್ನು ಮತ್ತೆ ಮಾಡುವವನ ಹಾಗೆ ಬೆರಳು ಆಡಿಸಿದ. ಇಲ್ಲಿ ತುರುಕಿದೆ, ತೆಗೆದೆ. ಇಲ್ಲಿ ತುರುಕಿದೆ, ತೆಗೆದೆ. ಕೆಳಗೆ ಹೋದ ಬೆರಳು ಅಲ್ಲೇ ನಿಂತಿತು.

"ಆಯಿಲ್ ಇಳಿಯೋ ಪೈಪು" ಅಂದ. "ನಿನ್ನೆ ಬಿಚ್ಚಿದಾಗ ತುರುಕಿದ್ದೆ. ಬಾಲ ಬಿಟ್ಟಿದ್ದೆ. ಅದು ಒಳಕ್ಕೆ ಜಾರಿರ್ಬೇಕು. ಇವತ್ತು ಬಾಲ ಕಾಣಿಸ್ಲಿಲ್ಲ, ತೆಗೆದಿದ್ದೀನಿ ಅಂದ್ಕೊಂಡೆ. ನೀನು ಏಳು ಅಂದೆ."

ಕೊನೆಯ ಮಾತನ್ನು ಅವನು ದೂರುವ ಹಾಗೆ ಹೇಳಲಿಲ್ಲ. ಆದರೂ ಅದು ಅವಳ ಎದೆಗೆ ನೆಟ್ಟಿತು.

"ಇಲ್ಲಿ ಹತ್ತು ನಿಮಿಷ ಓಡ್ತಲ್ಲಾ. ಏನೂ ಆಗ್ಲಿಲ್ಲವಲ್ಲಾ."

"ನಿಂತಲ್ಲೇ ಓಡುವಾಗ ಬಟ್ಟೆ ಸಡಿಲ ಇರುತ್ತೆ, ಆಯಿಲ್ ಜಿನುಗಿ ಹೋಗುತ್ತೆ. ಹೊರೆ ಹಾಕ್ಕೊಂಡು ಗುಡ್ಡ ಹತ್ತುವಾಗ ತುಳಿದ್ರೆ, ಬಟ್ಟೆ ಕೆಳಗೆ ಜಾರಿ ಪೈಪಿನ ಬಾಗಿನಲ್ಲಿ ಬಿಗಿಯಾಗುತ್ತೆ. ಆಗ ಆಯಿಲ್ಲಿಗೆ ಇಳಿಯೋಕೆ ದಾರಿ ಇಲ್ಲ. ಗಾಳಿಯ ಜೊತೆ ಇಂಜಿನ್ನಿಗೇ ಹೋಗುತ್ತೆ. ಆಮೇಲೆ ಅದಕ್ಕೆ ಡೀಸೆಲ್ ಬೇಡ. ಕೀಲಿ ತೆಗೆದ್ರೂ ನಿಲ್ಲಲ್ಲ, ಆಯಿಲ್ಲನ್ನೇ ಸುಟ್ಕೊಂಡು ಓಡುತ್ತೆ, ತಾನು ಒಡೆಯೋ ತನಕ."

ಅವಳು ಅಷ್ಟರಲ್ಲೇ ಫೋನು ಒತ್ತಿ ಕಿವಿಗಿಟ್ಟುಕೊಂಡಿದ್ದಳು. ರಿಂಗಾಯಿತು, ಆಗುತ್ತಲೇ ಇತ್ತು, ನಿಂತಿತು. ಗಾಡಿ ಓಡಿಸುವಾಗ ಫೋನು ತೆಗೆದರೆ ಕೈ ಮುರಿಯುತ್ತೀನಿ ಅಂತ ತಮ್ಮನಿಗೆ ಹೇಳಿ ಹೇಳಿ ರೂಢಿ ಮಾಡಿಸಿದವಳೂ ಅವಳೇ. ಎರಡನೇ ಸಲ ಒತ್ತಿದಾಗ ರಿಂಗೂ ಆಗಲಿಲ್ಲ. ಸಂಪರ್ಕಕ್ಕೆ ಸಿಗುತ್ತಿಲ್ಲ ಅಂತ ಒಬ್ಬ ಹೆಂಗಸು ಸಮಾಧಾನವಾಗಿ ಹೇಳಿದಳು.

"ಒಂದು ಹಲಗೆ ತಗೋ" ಅಂದ ಮೇಸ್ತ್ರಿ ಬೈಕಿನ ಕಡೆ ಓಡುತ್ತಾ. "ಅಂಗೈಗಿಂತ ದೊಡ್ಡದು, ಸೀಳಿಲ್ಲದ್ದು!"

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಮಣೆಯ ಮೇಲೆ ಅರ್ಧ ಹೆಚ್ಚಿದ ಈರುಳ್ಳಿ ಇತ್ತು. ಮಣೆಯನ್ನು ಮಗುಚಿ ಈರುಳ್ಳಿ ನೆಲಕ್ಕೆ ಬಿಟ್ಟು, ಅದನ್ನು ಎದೆಗವಚಿಕೊಂಡು ಬೈಕಿನ ಹಿಂದೆ ಕೂತಳು. ಒಲೆ ಆರಿಸಿದೆನಾ ಅನ್ನುವ ಯೋಚನೆ ಒಂದು ಸಲ ಬಂತು. ಉರಿದರೆ ಉರಿಯಲಿ ಅಂದುಕೊಂಡಳು.

ಸಿಮೆಂಟಿನ ಗೋದಾಮು ಗುಡ್ಡದ ಬುಡದಲ್ಲಿತ್ತು. ಹೊರೆ ಏರಿಸಲು ಅರ್ಧ ಗಂಟೆಯಾದರೂ ಬೇಕು, ಅಲ್ಲೇ ಸಿಗುತ್ತಾನೆ, ಸಿಕ್ಕೇ ಸಿಗುತ್ತಾನೆ ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡಳು. ಗೋದಾಮಿನ ಮುಂದೆ ಪಿಕಪ್ ಇರಲಿಲ್ಲ.

"ಗಡಿಬಿಡಿನಾ?" ಕಾವಲಿನವನು ನಕ್ಕ. "ಇವತ್ತು ಅವನೇ ಮೂಟೆಗೆ ಹೆಗಲು ಕೊಟ್ಟು ಏರಿಸ್ಕೊಂಡ. ಹೋಗಿ ಹತ್ತು ನಿಮಿಷ ಆಯ್ತು. ಏನು ಗಾಡಿ ಮಾಡ್ಕೊಟ್ಟಿದ್ದೀರಿ ಮೇಸ್ತ್ರಿ, ಮೊದಲನೇ ತಿರುವಲ್ಲಿ ಲಾರಿ ಹಿಂದೆ ಹಾಕಿ ಹಾರಿ ಹೋದ!"

ಮೇಸ್ತ್ರಿ ಅಷ್ಟರಲ್ಲೇ ಬೈಕು ತಿರುಗಿಸಿದ್ದ.

ಇಬ್ಬರು ಕೂತ ಹಳೇ ಬೈಕಿಗೆ ಆ ಗುಡ್ಡ ಹಗುರದ್ದಲ್ಲ. ಅವಳು ತಿರುವು ಎಣಿಸತೊಡಗಿದಳು. ಬೇಕೆಂದು ಎಣಿಸಿದ್ದಲ್ಲ, ಎಣಿಕೆ ತಾನಾಗಿ ಬಾಯಿಗೆ ಬಂತು. ಒಂದು. ಎರಡು. ಬಲಕ್ಕೆ ಬಂಡೆ, ಎಡಕ್ಕೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ಬರೀ ಗಾಳಿ. ಮೇಸ್ತ್ರಿ ಹೆಗಲ ಮೇಲಿಂದ ಕೂಗಿ ಕೂಗಿ ಹೇಳುತ್ತಿದ್ದ.

"ನಾನು ಗಾಳಿ ಎಳೆಯೋ ಪೈಪಿನಿಂದ ಫಿಲ್ಟರ್ ಕಿತ್ತು ತೆಗೀತೀನಿ. ನೀನು ಆ ಬಾಯಿಗೆ ಹಲಗೆ ಒತ್ತು. ಗಾಳಿ ಸಿಗದಿದ್ರೆ ಅದು ಸಾಯುತ್ತೆ. ಕೈ ಮಾತ್ರ ಅಡ್ಡ ಕೊಡ್ಬೇಡ, ಕೇಳಿಸ್ತಾ? ಬೆರಳು ಎಳ್ಕೊಂಡು ಹೋಗುತ್ತೆ!"

"ಕೇಳಿಸ್ತು."

ಮೂರು. ನಾಲ್ಕನೇ ತಿರುವಿಗೆ ವಾಸನೆ ಬಂತು. ಐದನೆಯದರಲ್ಲಿ ಬಂಡೆಯ ಮೇಲುಗಡೆ ಹೊಗೆ ಕಂಡಿತು. ಬಿಳಿಯೂ ಅಲ್ಲ, ಕಪ್ಪೂ ಅಲ್ಲ. ನೀಲಿ. ಹತ್ತಿಯ ಮೂಟೆ ಒಡೆದ ಹಾಗೆ ರಸ್ತೆಗೆಲ್ಲ ತುಂಬಿಕೊಂಡಿತ್ತು. ಅದರೊಳಗಿಂದ ಬರುತ್ತಿದ್ದ ಶಬ್ದವನ್ನು ಅವಳು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಇಂಜಿನ್ ಓಡುತ್ತಿರಲಿಲ್ಲ, ಕಿರುಚುತ್ತಿತ್ತು.

ಹಿಂದೆ ನಿಂತಿದ್ದ ಲಾರಿಯವರು ಮೂರ್ನಾಲ್ಕು ಜನ ದೂರ ಸರಿದು ನಿಂತಿದ್ದರು. ಒಬ್ಬ ತೋಳು ಅಡ್ಡ ಹಿಡಿದ. "ಹತ್ರ ಹೋಗ್ಬೇಡಿ ಅಮ್ಮ, ಯಾವಾಗ ಸಿಡಿಯುತ್ತೋ ಗೊತ್ತಿಲ್ಲ!"

"ಒಳಗೆ ನನ್ನ ತಮ್ಮ ಇದ್ದಾನೆ" ಅಂದು ಅವಳು ಆ ತೋಳಿನ ಅಡಿಯಲ್ಲಿ ನುಸುಳಿದಳು.

ಗಡಿಬಿಡಿ ಒಳಗೇ ಇದ್ದ. ಕೀಲಿ ಕಿತ್ತು ತೆಗೆದಿದ್ದ, ಅದು ಅವನ ಹಲ್ಲಿನ ನಡುವೆ ಇತ್ತು. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕೈ ಹ್ಯಾಂಡ್‌ಬ್ರೇಕನ್ನು ಕೀಳುವ ಹಾಗೆ ಎಳೆದಿತ್ತು, ಬಲಗಾಲು ಬ್ರೇಕಿನ ಮೇಲೆ ಕಂಬದ ಹಾಗೆ ನಿಂತಿತ್ತು. ನಲವತ್ತು ಮೂಟೆ ಸಿಮೆಂಟು ಹಿಂದಕ್ಕೆ ಜಗ್ಗುತ್ತಿತ್ತು. ಹಿಂದಿನ ಚಕ್ರಕ್ಕೂ ಕಲ್ಲಿನ ಕಟ್ಟೆಗೂ ನಡುವೆ ಒಂದಾಳು ಮಲಗುವಷ್ಟು ಜಾಗ ಇತ್ತು, ಹೆಚ್ಚಿಲ್ಲ.

"ಗೇರಿಗೆ ಹಾಕು! ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡು!" ಮೇಸ್ತ್ರಿ ಕಿಟಕಿಯ ಹತ್ತಿರ ಕೂಗಿದ. ಹಾಗೆ ಮಾಡಿದರೆ ಹೊರೆಗೆ ಸಿಕ್ಕಿ ಇಂಜಿನ್ ಉಸಿರು ಕಟ್ಟಿ ನಿಲ್ಲಬಹುದಿತ್ತು. ಗಡಿಬಿಡಿಗೆ ಒಂದಕ್ಷರ ಕೇಳಿಸಲಿಲ್ಲ. ಹೆದರಿ ನ್ಯೂಟ್ರಲ್ಲಿಗೆ ತಂದುಬಿಟ್ಟಿದ್ದ, ಹಿಡಿದಿದ್ದ ಯಾವುದನ್ನೂ ಬಿಡುವ ಧೈರ್ಯ ಅವನಿಗಿರಲಿಲ್ಲ. ಅವನ ಕಣ್ಣು ಹೊಗೆಯಿಂದ ಕೆಂಪಾಗಿತ್ತು, ನೆಟ್ಟ ನೋಟ ನೆಟ್ಟೇ ಇತ್ತು.

ಮೇಸ್ತ್ರಿ ಮಾತು ಬಿಟ್ಟ. ರಸ್ತೆಯ ಬದಿಯಿಂದ ಒಂದು ಕಲ್ಲು ಎತ್ತಿ ಹಿಂದಿನ ಚಕ್ರಕ್ಕೆ ಕೊಟ್ಟ. ಅದನ್ನು ನೋಡಿ, ತೋಳು ಅಡ್ಡ ಹಿಡಿದಿದ್ದ ಲಾರಿಯವನೇ ಓಡಿಬಂದು ಇನ್ನೊಂದು ಚಕ್ರಕ್ಕೆ ಕಲ್ಲು ಕೊಟ್ಟ. ಮೇಸ್ತ್ರಿ ಕಿಟಕಿಯೊಳಗೆ ಕೈ ಹಾಕಿ ಬಾನೆಟ್ಟಿನ ಕೊಂಡಿ ಎಳೆದ.

ಬಾನೆಟ್ ಎತ್ತಿದಾಗ ಬಂದ ಬಿಸಿಗೆ ಅವಳ ಹುಬ್ಬು ಸೀದ ವಾಸನೆ ಅವಳಿಗೇ ಬಂತು. ಇಂಜಿನ್ ಇಡೀ ಗಾಡಿಯನ್ನು ನಡುಗಿಸುತ್ತಿತ್ತು. ಮೇಸ್ತ್ರಿ ಫಿಲ್ಟರಿನ ಬಿಗಿಪಟ್ಟಿಯ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟ, ಅದು ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಹೊಗೆಯಲ್ಲಿ ಅವನಿಗೆ ಸ್ಕ್ರೂವಿನ ಗೆರೆ ಕಾಣುತ್ತಿರಲಿಲ್ಲ. ಅವಳು ಕೈ ಚಾಚಿ ಸ್ಕ್ರೂಡ್ರೈವರಿನ ತುದಿ ಹಿಡಿದು ಗೆರೆಗೆ ಕೂರಿಸಿದಳು. ಬೆರಳು ಸುಟ್ಟಿತು, ಬಿಡಲಿಲ್ಲ. ಅವನು ತಿರುಗಿಸಿದ. ಒಂದು ಸುತ್ತು, ಎರಡು, ಮೂರು. ಪಟ್ಟಿ ಸಡಿಲವಾಯಿತು. ಫಿಲ್ಟರನ್ನು ಎರಡು ಕೈಯಲ್ಲಿ ಕಿತ್ತು ರಸ್ತೆಗೆ ಎಸೆದ.

"ಈಗ!"

ಪೈಪಿನ ಬಾಯಿ ಗಾಳಿ ಎಳೆಯುತ್ತಿದ್ದ ರೀತಿಗೆ ಅವಳ ಸೆರಗಿನ ತುದಿ ಅತ್ತ ಹಾರಿತು. ಮೇಸ್ತ್ರಿ ಅದನ್ನು ಹಿಡಿದು ಹಿಂದಕ್ಕೆ ಜಗ್ಗಿದ. ಅವಳು ಮಣೆಯನ್ನು ಒತ್ತಿದಳು. ಓರೆಯಾಯಿತು. ಸಂದಿಯಿಂದ ಗಾಳಿ ಸಿಳ್ಳೆ ಹೊಡೆಯಿತು, ಇಂಜಿನ್ ಒಂದು ಕ್ಷಣ ತಗ್ಗಿ ಮತ್ತೆ ಕಿರುಚಿತು. ಮಣೆ ಸರಿಪಡಿಸಿ, ಅಂಗೈ ಅಲ್ಲ, ಇಡೀ ಮೈ ಭಾರವನ್ನೇ ಅದರ ಮೇಲೆ ಹಾಕಿದಳು. ಮಣೆ ಪೈಪಿಗೆ ಅಂಟಿಕೊಂಡಿತು. ಇಂಜಿನ್ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಗಾಡಿ ಒಮ್ಮೆ ಮೈ ಕೊಡವಿ ನಿಂತಿತು.

ಆ ಮೌನ ಕಿವಿಗೆ ನೋವಾಗುವಂತಿತ್ತು. ಎಲ್ಲೋ ಆಯಿಲ್ ತೊಟ್ಟಿಕ್ಕುವ ಶಬ್ದ. ಲಾರಿಯವರಲ್ಲಿ ಒಬ್ಬ ಬಿಟ್ಟ ನಿಟ್ಟುಸಿರು. ಅವಳು ಮಣೆ ಬಿಡಲಿಲ್ಲ. ಮೇಸ್ತ್ರಿಯೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಆಯ್ತು ಕಣೇ. ಸತ್ತಿತು. ಬಿಡು."

ಅವಳು ಬಾಗಿಲು ತೆರೆದಳು. ಗಡಿಬಿಡಿ ಹಾಗೇ ಕೂತಿದ್ದ. ಕೀಲಿ ಹಲ್ಲಿನಲ್ಲೇ ಇತ್ತು. ಅವಳು ಅದನ್ನು ತೆಗೆದಳು.

"ಇಳಿ ಪುಟ್ಟಾ."

"ಅಕ್ಕ, ಕಾಲು ಬರ್ತಿಲ್ಲ" ಅಂದ ಅವನು.

"ಏನಾದ್ರೂ ಪೆಟ್ಟಾಗಿದೆಯಾ?"

"ಇಲ್ಲ. ತೆಗೀಬೇಕು ಅನ್ಕೋತೀನಿ, ಅದು ಕೇಳ್ತಿಲ್ಲ. ತೆಗೆದ್ರೆ ಹಿಂದಕ್ಕೆ ಹೋಗುತ್ತೆ ಅಕ್ಕ."

"ಕಲ್ಲು ಕೊಟ್ಟಿದ್ದಾರೆ. ಎರಡು ಚಕ್ರಕ್ಕೂ ಇದೆ. ನಾನು ನೋಡಿದ್ದೀನಿ."

"ಗೊತ್ತು. ಆದ್ರೂ ಬರ್ತಿಲ್ಲ."

ಅವಳು ರಸ್ತೆಯ ಮೇಲೆ ಮಂಡಿಯೂರಿ, ಗಾಡಿಯೊಳಗೆ ಬಗ್ಗಿ, ಬ್ರೇಕಿನ ಮೇಲಿದ್ದ ಅವನ ಕಾಲನ್ನು ಎರಡು ಕೈಯಲ್ಲಿ ಹಿಡಿದಳು. ಚಪ್ಪಲಿ ಎಲ್ಲೋ ಕಳಚಿ ಬಿದ್ದಿತ್ತು. ಬರಿಗಾಲಿಗೆ ಪೆಡಲ್ಲಿನ ಗೆರೆಗಳು ಅಚ್ಚೊತ್ತಿದ್ದವು. ಮೀನಖಂಡ ಮರದ ಹಾಗೆ ಗಟ್ಟಿಯಾಗಿತ್ತು. ಅವಳು ಉಜ್ಜಿದಳು, ಹಿಂದೆ ಲಾಡ್ಜಿನಿಂದ ಹಿಂದಿರುಗುವಾಗ ಮಗುವಿನ ಕಾಲು ಜೋಮು ಹಿಡಿದರೆ ಉಜ್ಜುತ್ತಿದ್ದ ಹಾಗೆ. ಮೆಲ್ಲಗೆ ಎತ್ತಿದಳು. ಬ್ರೇಕಿನ ಪೆಡಲ್ಲು ಕಿರ್ರಂದು ಮೇಲೆ ಬಂತು. ಗಾಡಿ ಒಂದು ಬೆರಳಷ್ಟು ಹಿಂದಕ್ಕೆ ಸರಿದು, ಕಲ್ಲಿಗೆ ಒರಗಿ ನಿಂತಿತು. ಗಡಿಬಿಡಿ ಮಗುವಿನ ಹಾಗೆ ಅವಳ ಭುಜ ಹಿಡಿದುಕೊಂಡ.

ಅವನನ್ನು ಇಳಿಸಿ ಬಂಡೆಯ ನೆರಳಿನಲ್ಲಿ ಕೂರಿಸಿದರು. ಯಾರೋ ನೀರು ಕೊಟ್ಟರು. ಅರ್ಧ ಅವನ ಬಾಯಿಗೆ ಹೋಯಿತು, ಅರ್ಧ ಅಂಗಿಗೆ.

ಮೇಸ್ತ್ರಿ ಗಾಡಿಯ ಅಡಿಗೆ ನುಸುಳಿದ. ಬಿಸಿಯಾಗಿದ್ದ ಪೈಪು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದಾಗ ಅವನ ಮುಷ್ಟಿ ಮುಚ್ಚಿತ್ತು.

ಕಲ್ಲು ಕೊಟ್ಟಿದ್ದ ಲಾರಿಯವನು ಬಗ್ಗಿ ನೋಡಿದ. "ಏನಾಗಿತ್ತು ಮೇಸ್ತ್ರಿ?"

"ಪೈಪಲ್ಲಿ ಏನೋ ಕಸ ಸಿಕ್ಕಿಕೊಂಡಿತ್ತು" ಅಂದ ಮೇಸ್ತ್ರಿ, ಮುಷ್ಟಿಯನ್ನು ಜೇಬಿಗೆ ಹಾಕುತ್ತಾ.

ಲಾರಿಯವನು ತಲೆಯಾಡಿಸಿದ. "ಈಗಿನ ಸ್ಪೇರ್ ಪಾರ್ಟೇ ಹಾಗೆ. ಹೊಸದು ಅಂತ ಹೆಸರು, ಒಳಗೆಲ್ಲ ಕಸ."

ಅಷ್ಟಕ್ಕೇ ಮುಗಿಯುತ್ತಿತ್ತು. ಆ ಸಾಲಿನ ಗ್ಯಾರೇಜಿಗೆಲ್ಲ ಸಂಜೆಯೊಳಗೆ ಅದೇ ಮಾತು ಮುಟ್ಟುತ್ತಿತ್ತು, ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಮೇಸ್ತ್ರಿ ಅವಳ ಕಡೆ ನೋಡಿದ. ಸುಮ್ಮನಿರು ಅಂತ ಅವನ ಕಣ್ಣು ಹೇಳುತ್ತಿತ್ತು.

"ಕಸ ಅಲ್ಲ" ಅಂದಳು ಅವಳು. "ಒರೆಸೋ ಬಟ್ಟೆ. ಎಣಿಸಿ ಏಳಿದೆ ಅಂತ ಹೇಳಿದ್ದು ನಾನು. ಏಳಿರಲಿಲ್ಲ."

ಲಾರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಇಬ್ಬರು ಮೇಸ್ತ್ರಿಯ ಹತ್ತಿರವೇ ಗಾಡಿ ರಿಪೇರಿಗೆ ಬಿಡುವವರು, ಲೆಕ್ಕದಕ್ಕ ಎಣಿಸಿದ್ದಾಳೆ ಅಂದರೆ ಕಣ್ಣು ಮುಚ್ಚಿ ಹತ್ತುವವರು. ಒಬ್ಬ ತನ್ನ ಲಾರಿಯ ಕಡೆ ತಿರುಗಿ ನೋಡಿದ, ಅಷ್ಟೇ. ಆ ನೋಟ ಅವಳಿಗೆ ಕಂಡಿತು.

ಅವಳು ತಮ್ಮನ ಹತ್ತಿರ ಹೋಗಿ ಕೂತಳು. "ಕೇಳಿಸ್ತಾ ಪುಟ್ಟಾ? ನಿನ್ನನ್ನ ಮೇಲೆ ಕಳಿಸಿದ್ದು ನನ್ನ ಮಾತು."

ಅವಳು ಕಾದಳು. ಬೈದರೆ ಬೈಯಲಿ, ಎದ್ದು ಹೋದರೆ ಹೋಗಲಿ ಅಂತ ಕೈ ಮಡಿಲಲ್ಲಿಟ್ಟುಕೊಂಡು ಕಾದಳು.

"ಕೀಲಿ ತೆಗೆದೆ ಅಕ್ಕ" ಅಂದ ಅವನು ಕೊನೆಗೆ. "ಕೀಲಿ ಕೈಯಲ್ಲಿದೆ, ಗಾಡಿ ಕಿರುಚ್ತಾ ಇದೆ. ನನಗೆ ಹುಚ್ಚು ಹಿಡೀತು ಅಂದ್ಕೊಂಡೆ. ಕಾರಣ ಏನಿದ್ರೂ ಪರವಾಗಿಲ್ಲ, ಒಂದು ಕಾರಣ ಅಂತ ಇದೆಯಲ್ಲ. ನನಗೆ ಅಷ್ಟು ಸಾಕು."

"ಬೈಯೋ."

"ನಾಳೆ ಬೈತೀನಿ. ಈಗ ಉಸಿರಿಲ್ಲ."

ಅವನ ಬಲಗಾಲು ತಾನಾಗಿ ನಡುಗುತ್ತಿತ್ತು. ಅವಳು ಅದನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಸುಟ್ಟ ಬೆರಳುಗಳನ್ನು ಮಡಿಸಿಕೊಂಡು ಅಂಗೈಯಿಂದಲೇ ಉಜ್ಜತೊಡಗಿದಳು. ರಸ್ತೆಯ ಮೇಲೆ ಮೇಸ್ತ್ರಿಯೂ ಲಾರಿಯವರೂ ಗಾಡಿ ಹಗುರ ಮಾಡಲು ಸಿಮೆಂಟಿನ ಮೂಟೆಗಳನ್ನು ಒಂದೊಂದಾಗಿ ಕೆಳಗಿಳಿಸಿ ಕಟ್ಟೆಯ ಪಕ್ಕ ಜೋಡಿಸುತ್ತಿದ್ದರು.

"ಇಂಜಿನ್ ಉಳೀತಾ ಭಾವ?" ಗಡಿಬಿಡಿ ಕೂತಲ್ಲಿಂದಲೇ ಕೂಗಿದ.

"ಬಿಚ್ಚಿ ನೋಡ್ಬೇಕು" ಅಂದ ಮೇಸ್ತ್ರಿ, ಮೂಟೆಯನ್ನು ಹೆಗಲಿಗೇರಿಸುತ್ತಾ. "ನೀನು ಕೂತ್ಕೋ ಮೊದ್ಲು."